ಕಟ್ಟೆಯ ಮೇಲಿನ ವಿಮಾನಕ್ಕೆ ಕಡತವೂ ಬೇಕು

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಕೊಲರ್ನ್ ಎಂಬ ಊರಿದೆ. ಐವತ್ತು ವರ್ಷಗಳ ಹಿಂದೆ ಅಲ್ಲಿನ ವಾಯುನೆಲೆಯಲ್ಲಿ ರಾಯಲ್ ಏರ್‌ಫೋರ್ಸ್ ಹಳೆಯ ಯುದ್ಧವಿಮಾನಗಳ ಸಂಗ್ರಹಾಲಯವೊಂದನ್ನು ನಡೆಸುತ್ತಿತ್ತು. ಈಗ ಹುಡುಕಿಕೊಂಡು ಹೋದವರಿಗೆ ಎದುರಾಗುವುದು ಭೂಸೇನೆಯ ಬ್ಯಾರಕ್ಕು. ಅದರ ಹೆಸರು ‘ಅಜೀಂಘರ್’. ನಮ್ಮ ಆಜಂಗಢದ್ದೇ ವಸಾಹತು ಕಾಲದ ಕಾಗುಣಿತ. ವಾಯುನೆಲೆ 1976ರಲ್ಲಿ ಮುಚ್ಚಿತು. ಸಂಗ್ರಹಾಲಯದ ವಿಮಾನಗಳು ದಿಕ್ಕಿಗೊಂದರಂತೆ ಹೊರಟವು. ಹೀಗೆ ಹೊರಟವುಗಳಲ್ಲಿ ಬೆಂಗಳೂರಿನ ಕೈಗಳು ಮರುಜೀವ ಕೊಟ್ಟ ವಿಮಾನವೂ ಒಂದಿತ್ತು.

ಅದು ಅಮೆರಿಕದಲ್ಲಿ ತಯಾರಾದ, ನಾಲ್ಕು ಎಂಜಿನ್ನುಗಳ ಲಿಬರೇಟರ್ ಬಾಂಬರ್. ಬ್ರಿಟಿಷರ ಲೆಕ್ಕದಲ್ಲಿ ಅದರ ಸಂಖ್ಯೆ ಕೆಎನ್ 751. ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ ಹಿಂದೂ ಮಹಾಸಾಗರದ ಕೊಕೊಸ್ ದ್ವೀಪದಿಂದ ಹಾರುತ್ತಿದ್ದ 99ನೇ ಸ್ಕ್ವಾಡ್ರನ್ನಿನಲ್ಲಿತ್ತು. ಯುದ್ಧ ಮುಗಿದಾಗ ಇಂಥ ವಿಮಾನಗಳನ್ನು ಅಮೆರಿಕಕ್ಕೆ ಮರಳಿಸಬೇಕಿತ್ತು, ಇಲ್ಲವೇ ಬಳಕೆಗೆ ಬಾರದಂತೆ ಮಾಡಬೇಕಿತ್ತು. ಲೆಂಡ್‌-ಲೀಸ್ ಒಪ್ಪಂದದ ಷರತ್ತು ಅದು. ಬ್ರಿಟಿಷರು ಸುಲಭದ ದಾರಿ ಹಿಡಿದರು. ಕಾನ್ಪುರದ ಡಿಪೊದಲ್ಲಿ ಸಾಲಾಗಿ ನಿಂತ ಲಿಬರೇಟರ್‌ಗಳ ಮೈಗೆ ತೂತು ಹೊಡೆದರು, ಎಂಜಿನ್ನಿಗೆ ಮರಳು ಸುರಿದರು. ಬಿಟ್ಟುಹೋದದ್ದು ಗುಜರಿ ಎಂದೇ ಅವರು ನಂಬಿದ್ದರು.

ಸ್ವತಂತ್ರ ಭಾರತಕ್ಕೆ ಆಗ ಭಾರಿ ಬಾಂಬರ್‌ಗಳು ಬೇಕಿದ್ದವು, ಖಜಾನೆಯಲ್ಲಿ ಹಣವಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್, ಅಂದರೆ ಇಂದಿನ ಎಚ್‌ಎಎಲ್, ಕಾನ್ಪುರದ ಗುಜರಿಯತ್ತ ಕಣ್ಣು ಹಾಯಿಸಿತು. ಒಂದರ ಅಂಗ ಕಳಚಿ ಇನ್ನೊಂದಕ್ಕೆ ಜೋಡಿಸಿ, ಹೇಗೋ ಮೇಲೇಳುವಷ್ಟು ದುರಸ್ತಿ ಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತರಲಾಯಿತು. ಆ ಎದೆಗಾರಿಕೆಯ ಕೆಲಸ ಕಂಪನಿಯ ಪೈಲಟ್ ಜಮ್ಶೆಡ್ ಮುನ್ಷಿ ಅವರದು. ಹೀಗೆ 42 ವಿಮಾನಗಳು ಪೂರ್ಣ ರಿಪೇರಿಯಾಗಿ ವಾಯುಪಡೆ ಸೇರಿದವು. 1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಹುಟ್ಟಿದ್ದು ಇವುಗಳಿಂದಲೇ. ಕೆಎನ್ 751 ಇಲ್ಲಿ ಎಚ್‌ಇ 807 ಆಯಿತು. 6ನೇ ಸ್ಕ್ವಾಡ್ರನ್ನಿನಲ್ಲಿ ಕಡಲು ಕಾಯಿತು.

1968ರಲ್ಲಿ ಲಿಬರೇಟರ್‌ಗಳು ನಿವೃತ್ತಿಯಾಗುವ ಹೊತ್ತಿಗೆ ಜಗತ್ತಿನ ಉಳಿದೆಡೆ ಅವು ಬಹುತೇಕ ಕರಗಿ ಪಾತ್ರೆಪಗಡಿಯಾಗಿದ್ದವು. ತಯಾರಾದದ್ದು 18 ಸಾವಿರಕ್ಕೂ ಹೆಚ್ಚು. ಇಂದು ಇಡಿಯಾಗಿ ಉಳಿದವು ಹತ್ತು-ಹದಿನೈದು. ಅವುಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಭಾರತೀಯ ವಾಯುಪಡೆಯಿಂದ ಹೋದವು. ಕೆನಡಾದ ಒಟ್ಟಾವ, ಅಮೆರಿಕದ ಅರಿಜೋನಾಗಳಲ್ಲಿ ನಿಂತಿರುವುದೂ, ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿರುವುದೂ ಬೆಂಗಳೂರಿನ ಹ್ಯಾಂಗರ್ ದಾಟಿ ಬಂದವೇ. ಎಚ್‌ಇ 807 ಬ್ರಿಟನ್ನಿಗೆ ಉಡುಗೊರೆಯಾಗಿ 1974ರಲ್ಲಿ ತಾನೇ ಹಾರಿಕೊಂಡು ಹೋಗಿ ಕೊಲರ್ನ್ ಸೇರಿತು.

ಎರಡು ವರ್ಷ ತುಂಬುವಷ್ಟರಲ್ಲಿ ಆ ಸಂಗ್ರಹಾಲಯವೇ ಇಲ್ಲವಾಯಿತು. ವಿಮಾನ ಮಾತ್ರ ಕಳೆದುಹೋಗಲಿಲ್ಲ. ಕಾಸ್ಫರ್ಡ್ ವಾಯುನೆಲೆಗೆ ಸಾಗಿ, ಆಮೇಲೆ ಲಂಡನ್ನಿನ ಹೆಂಡನ್‌ನಲ್ಲಿರುವ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನ ಸೂರಿನಡಿ ನೆಲೆ ಕಂಡಿತು. ನೆಲೆ ಮುಚ್ಚಿದರೂ ವಿಮಾನದ ಒಡೆಯರು ಯಾರು ಎಂಬುದು ಬರವಣಿಗೆಯಲ್ಲಿತ್ತು. ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದಕ್ಕೆ ಪುಟಗಳಿದ್ದವು.

ಬ್ರಿಟನ್ ಎಲ್ಲವನ್ನೂ ಹೀಗೆಯೇ ಕಾಪಾಡಿತು ಎಂದುಕೊಳ್ಳಬೇಕಿಲ್ಲ. ಬ್ಲ್ಯಾಕ್‌ಬರ್ನ್ ಬೆವರ್ಲಿ ಎಂಬ ಭಾರಿ ಸರಕು ವಿಮಾನದ ಕಥೆ ನೋಡಿ. ತಯಾರಾದ 49ರಲ್ಲಿ ಮೂರು ಪ್ರದರ್ಶನಕ್ಕೆಂದು ಉಳಿದವು. ಒಂದು ಸೌತ್‌ಎಂಡ್‌ನ ಖಾಸಗಿ ಸಂಗ್ರಹಾಲಯ ಸೇರಿತು. 1983ರಲ್ಲಿ ಅದು ಮುಚ್ಚಿ ವಿಮಾನಗಳು ಹರಾಜಾದವು, ಬೆವರ್ಲಿಯ ಮೂತಿಯೊಂದು ಬಿಟ್ಟು ಉಳಿದದ್ದು ಗುಜರಿಯಾಯಿತು. ಇನ್ನೊಂದು ಹೆಂಡನ್‌ನಲ್ಲೇ ಬಯಲಿನಲ್ಲಿ ನಿಂತು ಮಳೆಗೆ ನೆನೆದು ತುಕ್ಕು ತಿಂದು, 1990ರ ಆಸುಪಾಸಿನಲ್ಲಿ ತುಂಡಾಯಿತು. ಮೂರನೆಯದಕ್ಕೆ ಆಶ್ರಯ ಕೊಟ್ಟ ಎರಡು ಸಂಗ್ರಹಾಲಯಗಳು ಒಂದರ ಹಿಂದೊಂದು, 2003 ಮತ್ತು 2020ರಲ್ಲಿ ಬಾಗಿಲು ಹಾಕಿದವು. ಆದರೂ ಅದು ಉಳಿಯಿತು. ಬಿಚ್ಚಿ, ಸಾಗಿಸಿ, ಕಾರ್ಲೈಲ್‌ಗೆ ಒಯ್ದರು. ರಾಷ್ಟ್ರೀಯ ಸಂಗ್ರಹಾಲಯದ ವಿಮಾನ ಅಳಿಯಿತು, ಬಾಗಿಲು ಹಾಕಿದವರ ಕೈಯಲ್ಲಿದ್ದದ್ದು ಬದುಕಿತು. ಸಂಸ್ಥೆ ದೊಡ್ಡದಾದ ಮಾತ್ರಕ್ಕೆ ರಕ್ಷೆಯಿಲ್ಲ. ಕಡತ ವಿಳಾಸವನ್ನಷ್ಟೇ ಕಾಯುತ್ತದೆ, ಮೈಯನ್ನು ಕಾಯಲು ಸೂರು ಬೇಕು, ತಲೆ ಕೆಡಿಸಿಕೊಳ್ಳುವ ಜನ ಬೇಕು.

ಹಳೆಯ ವಿಮಾನಗಳನ್ನು ಕಾಯುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಈಗ ತುರ್ತಿದೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್‌-21 ವಾಯುಪಡೆಗೆ ವಿದಾಯ ಹೇಳಿತು. ಹೀಗೆ ನಿವೃತ್ತಿಯಾದ ವಿಮಾನಗಳನ್ನು ಕಾಲೇಜಿನ ಅಂಗಳ, ಊರಿನ ಸರ್ಕಲ್ಲು, ಉದ್ಯಾನಗಳಲ್ಲಿ ಕಟ್ಟೆ ಕಟ್ಟಿ ನಿಲ್ಲಿಸುವುದು ನಮ್ಮ ವಾಡಿಕೆ. ಉದ್ಘಾಟನೆಯ ದಿನ ರಿಬ್ಬನ್ನು, ಭಾಷಣ, ಫೋಟೊ. ಮೂರನೇ ಮಳೆಗಾಲಕ್ಕೆ ಮೈಯ ಸಂದಿಗಳಲ್ಲಿ ನೀರು ನಿಲ್ಲುತ್ತದೆ, ಹಕ್ಕಿಗಳು ಗೂಡು ಕಟ್ಟುತ್ತವೆ, ಅಲ್ಯುಮಿನಿಯಂ ಬಿಳಿಪುಡಿಯಾಗಿ ಉದುರತೊಡಗುತ್ತದೆ. ಆಗ ಯಾರೋ ಹೊಸ ಬಣ್ಣ ಬಳಿಸುತ್ತಾರೆ. ಬಾಲದ ಮೇಲಿದ್ದ ಸಂಖ್ಯೆ ಅದರಡಿ ಮುಚ್ಚಿಹೋಗುತ್ತದೆ. ವಿಮಾನದ ಗುರುತು ಅಳಿಯುವುದು ಹೀಗೆ, ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ.

ಕಾರವಾರದ ಕಡಲ ತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ನಿಂತಿರುವ ನೌಕಾಪಡೆಯ ಟುಪೊಲೆವ್‌ ವಿಮಾನವನ್ನು ನೆನೆಯಿರಿ. ಉಪ್ಪು ಗಾಳಿಗಿಂತ ಕ್ರೂರಿಯಾದ ಶತ್ರು ವಿಮಾನದ ಲೋಹಕ್ಕಿಲ್ಲ. ಅದನ್ನು ತಂದು ನಿಲ್ಲಿಸಿದ ಶ್ರಮ ದೊಡ್ಡದೇ. ಆದರೆ ಇಪ್ಪತ್ತು ವರ್ಷ ಅದರ ಮೈ ತೊಳೆದು, ಬಿರುಕು ಮುಚ್ಚಿ ಕಾಯುವ ಶ್ರಮ ಅದಕ್ಕೂ ದೊಡ್ಡದು. ಕರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ವಿನ್ಯಾಸಗೊಂಡು 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನದ ಮಾತೂ ಇಷ್ಟೇ. ತಯಾರಾದವು 147. ಒಂದು ನಮ್ಮ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ, ಒಂದು ಜರ್ಮನಿಯಲ್ಲಿದೆ. ಉಳಿದವು ಎಲ್ಲೆಲ್ಲಿ, ಯಾವ ಸ್ಥಿತಿಯಲ್ಲಿವೆ ಎಂಬುದು ಶಾಲಾ ಹುಡುಗನೂ ತೆರೆದು ನೋಡಬಹುದಾದ ಪಟ್ಟಿಯಲ್ಲಿರಬೇಕು.

ಮಾಡಬೇಕಾದದ್ದು ದುಬಾರಿಯದ್ದೇನಲ್ಲ. ಸೇನೆ ಕೊಡುವ ಪ್ರತಿ ವಿಮಾನಕ್ಕೂ ಅದರ ಸಂಖ್ಯೆ, ಹಾರಿದ ಸ್ಕ್ವಾಡ್ರನ್, ಪಡೆದವರ ಹೆಸರು, ಒಡೆತನ ಯಾರದು ಎಂಬುದನ್ನು ದಾಖಲಿಸಿದ ಸಾರ್ವಜನಿಕ ನೋಂದಣಿ ಪುಸ್ತಕವಿರಲಿ. ಐದು ವರ್ಷಕ್ಕೊಮ್ಮೆ ತಪಾಸಣೆ ನಡೆಯಲಿ. ಪಡೆದ ಸಂಸ್ಥೆ ಮುಚ್ಚಿದರೆ ವಿಮಾನ ಯಾರಿಗೆ ಮರಳಬೇಕು ಎಂಬ ಷರತ್ತು ಕೊಡುವ ದಿನವೇ ಬರೆದಿರಲಿ. ಕೊಟ್ಟು ಕೈತೊಳೆದುಕೊಂಡರೆ ಅದು ವಿಲೇವಾರಿ, ಸಂರಕ್ಷಣೆಯಲ್ಲ. ನೋಡಿಕೊಳ್ಳುವ ಶಕ್ತಿಯಿಲ್ಲದ ಹತ್ತು ಊರುಗಳಿಗೆ ಹಂಚುವುದಕ್ಕಿಂತ ಸೂರಿರುವ ಎರಡು ಕಡೆ ಚೆನ್ನಾಗಿ ಇಡುವುದು ಲೇಸು.

ಕೊಲರ್ನ್‌ಗೆ ಹೋದವರಿಗೆ ಸಂಗ್ರಹಾಲಯ ಸಿಗದು; ಎಚ್‌ಇ 807 ಎಲ್ಲಿದೆ ಎಂಬ ಉತ್ತರ ಸಿಗುತ್ತದೆ. ನಮ್ಮೂರ ಸರ್ಕಲ್ಲಿನ ವಿಮಾನ ನಾಳೆ ರಸ್ತೆ ಅಗಲೀಕರಣಕ್ಕೆಂದು ಕೆಳಗಿಳಿದು ಮಾಯವಾದರೆ, ನಾವು ಯಾವ ಕಚೇರಿಯ ಯಾವ ಬೀರು ತೆಗೆಸಬೇಕು?