ಬ್ಲೇಡು, ಅಂಟು ಮತ್ತು ಹೆಣ್ಣುಮಕ್ಕಳ ಕೈ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನವೆಂದರೆ ಈಗ ಮಕ್ಕಳ ಕೈಕೆಲಸದ ಪ್ರದರ್ಶನವಲ್ಲ, ಅಪ್ಪಂದಿರ ಜೇಬಿನ ಪ್ರದರ್ಶನ. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಕಡೆಯೂ ಪಾಠ ಹೇಳಿದವಳು ನಾನು. ಮೂರು ಕಡೆಯೂ ಕಂಡದ್ದು ಒಂದೇ. ಹಿಂದಿನ ದಿನ ಸಂಜೆ ಅಂಗಡಿಯಿಂದ ಥರ್ಮೋಕೋಲಿನ ಜ್ವಾಲಾಮುಖಿ ಬರುತ್ತದೆ, ಬೆಳಿಗ್ಗೆ ಮೇಜು ಏರುತ್ತದೆ, ಮಧ್ಯಾಹ್ನ ಬಹುಮಾನ ಪಡೆಯುತ್ತದೆ. ಮಗು ಅದರ ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸುತ್ತದೆ, ಅಷ್ಟೆ.

ಇಂಥ ಒಂದು ಪ್ರದರ್ಶನದಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಂಗೈ ಅಗಲಕ್ಕಿಂತ ದೊಡ್ಡದಾದ ವಿಮಾನವೊಂದನ್ನು ತಂದಿಟ್ಟಳು. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ರಾತ್ರಿ ಕಾದಾಟದ ವಿಮಾನ, ಮೆಸ್ಸರ್‌ಸ್ಮಿಟ್ 110. ಬೆಂಗಳೂರಿನಲ್ಲಿರುವ ಸೋದರಮಾವ ತಂದುಕೊಟ್ಟ ಪ್ಲಾಸ್ಟಿಕ್ ಕಿಟ್ಟು. ಚೂರುಗಳನ್ನು ಬ್ಲೇಡಿನಿಂದ ಬಿಡಿಸಿ, ಎಮರಿ ಪೇಪರಿನಲ್ಲಿ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು. ತೀರ್ಪುಗಾರರು ಬಂದರು. "ನಿಮ್ಮಣ್ಣ ಮಾಡಿಕೊಟ್ಟನೇನಮ್ಮಾ?" ಅಂದರು. "ಇಲ್ಲ ಸಾರ್, ನಾನೇ" ಅಂದಳು. ಅವರು ನಕ್ಕು, "ಹಿಟ್ಲರನ ವಿಮಾನ ನಮಗೇಕೆ?" ಎಂದು ಮುಂದೆ ಹೋದರು. ಬಹುಮಾನ ಜ್ವಾಲಾಮುಖಿಗೆ ಹೋಯಿತು. ಅವಳ ತಾಯಿ ನನ್ನನ್ನು ಕಂಡು, "ಹೆಣ್ಮಗಳ ಕೈಗೆ ಬ್ಲೇಡು ಯಾಕೆ ಮೇಡಂ, ಪರೀಕ್ಷೆ ಹತ್ತಿರ ಬಂತು" ಎಂದರು. ಹುಡುಗಿ ಎರಡನೆಯ ಕಿಟ್ಟಿನ ಡಬ್ಬಿಯನ್ನು ತೆರೆಯಲೇ ಇಲ್ಲ.

ಈ ಮೂರು ಮಾತಿಗೂ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, ಹೆಣ್ಣಿನ ಕೈ. ಇದು ರೇಷ್ಮೆ ಸೀಮೆ ಎಂಬುದನ್ನು ನಾವೇ ಮರೆತೆವೇ? ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕಿ ನೂಲು ಬಿಚ್ಚಿದ ಬೆರಳುಗಳು ಯಾರವು? ಆ ಬೆರಳಿಗೆ ಕೂದಲಿನಷ್ಟು ಸಣ್ಣ ಕಡ್ಡಿಯನ್ನು ವಿಮಾನದ ಮೂತಿಗೆ ಅಂಟಿಸಲು ಬರುವುದಿಲ್ಲವೇ? ಇನ್ನೊಂದು ಸಂಗತಿ ಕೇಳಿ. ಆ ಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದಾಗ, ಪ್ಯಾರಾಚೂಟಿನ ಬಟ್ಟೆಗಾಗಿ ನಮ್ಮ ಕಡೆಯ ರೇಷ್ಮೆಗೆ ಬೇಡಿಕೆ ಏರಿತು. ಆಗ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಉರಿಯುವ ವಿಮಾನದಿಂದ ಹಾರಿದವನ ಜೀವ ನಿಂತದ್ದು ಅಂಥ ಎಳೆಗಳ ಮೇಲೆ. ಆ ಯುದ್ಧ ನಮ್ಮ ಹೆಂಗಸರಿಗೆ ಸಂಬಂಧಪಡದ್ದು ಎನ್ನುವವರು ಇದನ್ನು ತಿಳಿದುಕೊಳ್ಳಲಿ.

ಎರಡನೆಯದು, ಹಿಟ್ಲರನ ವಿಮಾನ ನಮಗೇಕೆ ಎಂಬ ಮಾತು. ಇದು ಕೇಳಲು ಒಳ್ಳೆಯ ಮಾತಿನಂತೆ ಕಾಣುತ್ತದೆ. ಆದರೆ ಕಂಸಾಳೆಯವರು ಮಾದಪ್ಪನ ಕಥೆ ಹಾಡುವಾಗ ಶ್ರವಣಾಸುರನನ್ನು ಬಿಟ್ಟು ಹಾಡುತ್ತಾರೆಯೇ? ದಸರೆಯ ಗೊಂಬೆಗಳ ಸಾಲಿನಲ್ಲಿ ಮಹಿಷನನ್ನು ಕತ್ತಿಸಮೇತ ಕೂರಿಸುವುದಿಲ್ಲವೇ? ಕೂರಿಸಿದ್ದು ಪೂಜೆಗಲ್ಲ, ಕಥೆ ಹೇಳಲು. ವಿಮಾನವನ್ನೂ ಹಾಗೆಯೇ ಇಡಬೇಕು. ಕಥೆ ಹೇಳದೆ ಇಟ್ಟರೆ ತಪ್ಪು. ಇಡಲೇಬಾರದು ಎಂದರೂ ತಪ್ಪು.

ಆ ಕಥೆ ಸುಲಭದ್ದಲ್ಲ. ಬ್ರಿಟಿಷರ ಬಾಂಬು ವಿಮಾನಗಳು ರಾತ್ರಿ ಹೊತ್ತು ಜರ್ಮನಿಯ ಊರುಗಳ ಮೇಲೆ ಬರುತ್ತಿದ್ದವು. 1943ರ ಜುಲೈನಲ್ಲಿ ಹ್ಯಾಂಬರ್ಗ್ ಪಟ್ಟಣ ಹೊತ್ತಿ ಉರಿದು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ತಾಯಂದಿರು, ಮಕ್ಕಳು, ಮುದುಕರು. ಅವರನ್ನು ಕಾಯಲು ಈ ರಾತ್ರಿ ವಿಮಾನಗಳು ಏರುತ್ತಿದ್ದವು. ಮೂತಿಯ ಮೇಲೆ ಜಿಂಕೆಕೊಂಬಿನಂಥ ರೇಡಾರ್ ಕಡ್ಡಿಗಳು. ಕತ್ತಲಲ್ಲಿ ಶತ್ರುವನ್ನು ಹುಡುಕಲು. ಕೆಲವಕ್ಕೆ ಬೆನ್ನಿನಿಂದ ಮೇಲಕ್ಕೆ ಹಾರುವ ಬಂದೂಕು. ಬಾಂಬು ವಿಮಾನದ ಹೊಟ್ಟೆಯ ಕೆಳಗೆ ನುಸುಳಿ ಹೊಡೆಯಲು. ಒಂದೊಂದು ಲ್ಯಾಂಕಾಸ್ಟರ್ ವಿಮಾನದಲ್ಲಿ ಏಳು ಜನ ಹುಡುಗರು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಬಾಂಬರ್ ಕಮಾಂಡಿನ 55,573 ಮಂದಿ ಸತ್ತಿದ್ದರು. ಹಾಗಾದರೆ ವಿಮಾನ ತಾಯಿ ಮಕ್ಕಳನ್ನು ಕಾಯಿತೇ? ಕಾಯಲು ನೋಡಿತು. ಆದರೆ ಅದೇ ಹೊತ್ತಿಗೆ ಅದು ಯಹೂದಿಗಳನ್ನು ಲಕ್ಷಲಕ್ಷ ಸಂಖ್ಯೆಯಲ್ಲಿ ಕೊಂದ ಸರ್ಕಾರವನ್ನೂ ಕಾಯಿತು. ಮೆಸ್ಸರ್‌ಸ್ಮಿಟ್ಟಿಗೂ ಹೈಂಕೆಲ್ಲಿಗೂ ಸೆರೆಶಿಬಿರದ ಕೈದಿಗಳನ್ನು ಹಸಿವಿನಲ್ಲಿ ದುಡಿಸಿಕೊಂಡರು. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಹದಿನೈದರ ಮಗುವಿಗೆ ಆಗುತ್ತದೆ. ಆಗುವುದಿಲ್ಲ ಎಂದುಕೊಳ್ಳುವವರು ದೊಡ್ಡವರು ಮಾತ್ರ. ಚಿತ್ರದ ಡಬ್ಬಿಯ ಮೇಲೆ ಇದಾವುದೂ ಇರುವುದಿಲ್ಲ. ಹೇಳಬೇಕಾದವರು ಮೇಷ್ಟ್ರು, ಮೇಡಂ, ಅಪ್ಪ, ಅಮ್ಮ.

ಇನ್ನು, ಆ ವಿಮಾನಕ್ಕೂ ನಮಗೂ ಏನು ಸಂಬಂಧ ಎನ್ನುವವರಿಗೆ ಬೆಂಗಳೂರನ್ನು ತೋರಿಸುತ್ತೇನೆ. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಎಂಜಿನಿಯರ್ ಯುದ್ಧಕಾಲದಲ್ಲಿ ಮರದಿಂದ ಒಂದು ರಾತ್ರಿ ವಿಮಾನ ಮಾಡಿದ್ದ. ಟಾ 154 ಎಂದು ಅದರ ಹೆಸರು. ಪದರ ಹಲಗೆಯನ್ನು ಕೂಡಿಸುವ ಅಂಟಿನ ಕಾರ್ಖಾನೆ ಬಾಂಬಿಗೆ ಸಿಕ್ಕಿತು. ಬದಲಿ ಅಂಟು ಮರವನ್ನೇ ತಿಂದಿತು. ವಿಮಾನಗಳು ಆಕಾಶದಲ್ಲಿ ಬಿಟ್ಟುಕೊಂಡವು, 1944ರಲ್ಲಿ ಯೋಜನೆಯೇ ನಿಂತಿತು. ಅದೇ ಟ್ಯಾಂಕ್ 1956ರಲ್ಲಿ ನಮ್ಮ ಎಚ್‌ಎಎಲ್‌ಗೆ ಬಂದ. ಅವನ ಮತ್ತು ನಮ್ಮ ಎಂಜಿನಿಯರುಗಳ ಕೈಯಿಂದ ಹುಟ್ಟಿದ ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು; 1971ರ ಯುದ್ಧದಲ್ಲಿ ಹೋರಾಡಿತು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಇವತ್ತಿಗೂ ಅದನ್ನು ನೋಡಬಹುದು. ಅಂಟು ಕೆಟ್ಟರೆ ವಿಮಾನ ಬೀಳುತ್ತದೆ ಎಂಬ ಪಾಠವನ್ನು ನಮ್ಮ ಹುಡುಗಿ ತನ್ನ ಮೇಜಿನ ಮೇಲೆ, ರೆಕ್ಕೆ ಎರಡು ಸಲ ಕಳಚಿದಾಗ, ಕಲಿತಿದ್ದಳು.

ಮೂರನೆಯದು ಅಂಕದ ಮಾತು. ಪೆಟ್ಟಿಗೆಯ ಮೇಲೆ 1:72 ಎಂದಿರುತ್ತದೆ. ಅಂದರೆ ನಿಜ ವಿಮಾನದ 72 ಅಂಗುಲ ಇಲ್ಲಿ ಒಂದು ಅಂಗುಲ. ಹದಿನಾರು ಮೀಟರಿಗಿಂತ ಸ್ವಲ್ಪ ಹೆಚ್ಚಿನ ರೆಕ್ಕೆ ಇಲ್ಲಿ ಇಪ್ಪತ್ತೆರಡೂವರೆ ಸೆಂಟಿಮೀಟರ್ ಆಗುತ್ತದೆ. ಅನುಪಾತದ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ನಾನು ಎಷ್ಟು ವರ್ಷ ಮಾಡಿಸಿದರೂ ತಲೆಗೆ ಹತ್ತದ ಮಕ್ಕಳಿಗೆ ಇದು ಒಂದು ಸಂಜೆಗೆ ಹತ್ತುತ್ತದೆ. ಜೊತೆಗೆ ತಾಳ್ಮೆ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪ ನೋಡಿದ್ದೀರಲ್ಲ, ಕಲ್ಲಿನಲ್ಲೇ ಬಳೆಗಳ ಸರಪಣಿ ಕೊರೆದದ್ದು? ಅದು ಅಂಗಡಿಯಿಂದ ತಂದಿಟ್ಟದ್ದಲ್ಲ.

ಕಿಟ್ಟು ದುಬಾರಿ, ಎಲ್ಲರ ಕೈಗೂ ಎಟುಕುವುದಿಲ್ಲ ಎನ್ನುವುದು ನಿಜ. ಹಾಗಿದ್ದರೆ ರಟ್ಟು ಇದೆ, ಬಿದಿರುಕಡ್ಡಿ ಇದೆ, ಗೋಂದು ಇದೆ. ಅಳತೆ ಹಿಡಿದು ಮಾಡಿದರೆ ರಟ್ಟಿನ ಎತ್ತಿನಗಾಡಿಯೂ ವಿಜ್ಞಾನವೇ.

ಆದ್ದರಿಂದ ತೀರ್ಪುಗಾರರಿಗೆ ನನ್ನ ಮಾತು ಇಷ್ಟೆ: ಮೇಜಿನ ಮುಂದೆ ನಿಂತು "ಇದನ್ನು ಬಿಚ್ಚಿ ತೋರಿಸು, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ?" ಎಂದು ಕೇಳಿ. ಅಂಗಡಿಯ ಜ್ವಾಲಾಮುಖಿ ಅಲ್ಲೇ ತಣ್ಣಗಾಗುತ್ತದೆ. ತಾಯಂದಿರೇ, ನಿಮಗೂ ಒಂದು ಮಾತು. ತರಕಾರಿ ಹೆಚ್ಚಲು ಮಗಳ ಕೈಗೆ ಈಳಿಗೆಮಣೆ ಕೊಡುವಾಗ ನಮಗೆ ಭಯವಾಗುವುದಿಲ್ಲ. ರೆಕ್ಕೆ ಕತ್ತರಿಸುವ ಬ್ಲೇಡಿಗೆ ಮಾತ್ರ ಏಕೆ ಭಯ? ಮನೆಯಲ್ಲಿ ಒಂದು ಮೇಜಿನ ಮೂಲೆಯನ್ನು ಅವಳಿಗೆ ಬಿಟ್ಟುಕೊಡಿ. ಅಲ್ಲಿ ಬಿದ್ದ ಚೂರುಗಳನ್ನು ಗುಡಿಸಿ ಎಸೆಯಬೇಡಿ, ಅವು ಬೇಕಾಗುತ್ತವೆ.