ಪರದೆಯ ಮೇಲಿನ ಧರಣಿಗೆ ಎಷ್ಟು ತೂಕ?

2007ರ ಸೆಪ್ಟೆಂಬರ್ 27ರಂದು ಇಟಲಿಯ ಐಬಿಎಂ ನೌಕರರು ಮುಷ್ಕರ ಹೂಡಿದರು. ಅದಕ್ಕಾಗಿ ಯಾರೂ ಕೆಲಸ ಬಿಡಬೇಕಿರಲಿಲ್ಲ, ಒಂದು ದಿನದ ಸಂಬಳ ಕಳೆದುಕೊಳ್ಳಬೇಕಿರಲಿಲ್ಲ, ಬಿಸಿಲಲ್ಲಿ ಕಚೇರಿಯ ಗೇಟಿನೆದುರು ಕೂರಬೇಕಿರಲಿಲ್ಲ. ಮುಷ್ಕರ ನಡೆದದ್ದು ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ 2003ರಲ್ಲಿ ಶುರು ಮಾಡಿದ ಈ ಲೋಕದಲ್ಲಿ ಬಳಕೆದಾರರು ತಮಗಿಷ್ಟವಾದ ರೂಪ ತೊಟ್ಟು ತಿರುಗಾಡಬಹುದು, ಜಾಗ ಕೊಳ್ಳಬಹುದು, ಮನೆ ಕಟ್ಟಬಹುದು, ಅಂಗಡಿ ಇಡಬಹುದು. ಐಬಿಎಂ ಅಲ್ಲಿ ಹಲವು ದ್ವೀಪಗಳನ್ನೇ ಹೊಂದಿತ್ತು. ಅಂದು ಮೂವತ್ತರಷ್ಟು ದೇಶಗಳಿಂದ 1,800ಕ್ಕೂ ಹೆಚ್ಚು ಅವತಾರಗಳು ಫಲಕ ಹಿಡಿದು ಆ ದ್ವೀಪಗಳಿಗೆ ನುಗ್ಗಿದವು. ಬೇಡಿಕೆ ಮಾತ್ರ ಯಾವ ಕಾರ್ಮಿಕ ಸಂಘಕ್ಕೂ ಪರಿಚಿತವಾದದ್ದೇ: ಕಂಪನಿ ತಾನಾಗಿಯೇ ನಿಲ್ಲಿಸಿದ್ದ, ತಲಾ ವರ್ಷಕ್ಕೆ ಸುಮಾರು ಸಾವಿರ ಯೂರೋ ಬೋನಸ್ ಮರಳಿ ಸಿಗಬೇಕು. ಕೆಲವು ವಾರಗಳಲ್ಲಿ ಐಬಿಎಂ ಇಟಲಿಯ ಮುಖ್ಯಸ್ಥರು ಹುದ್ದೆ ಬಿಟ್ಟರು. ಬೋನಸ್ ಮರಳಿಸುವ ಒಪ್ಪಂದವೂ ಆಯಿತು.

ಅದೇ ವರ್ಷದ ಜನವರಿಯಲ್ಲಿ ಅದೇ ಲೋಕದಲ್ಲಿ ಇನ್ನೊಂದು ಜಗಳ ನಡೆದಿತ್ತು. ಫ್ರಾನ್ಸಿನ ಬಲಪಂಥೀಯ ಪಕ್ಷ ಫ್ರಂಟ್ ನ್ಯಾಷನಲ್ ಅಲ್ಲಿ ಕಚೇರಿ ತೆರೆದಾಗ ವಿರೋಧಿಗಳು ಫಲಕ ಹಿಡಿದು ಮುತ್ತಿಗೆ ಹಾಕಿದರು. ಮಾತಿನ ಚಕಮಕಿ ಬೇಗ ಗುಂಡಿನ ಚಕಮಕಿಯಾಯಿತು. ಹಂದಿಗಳನ್ನೇ ಗ್ರೆನೇಡಿನಂತೆ ಸಿಡಿಸಲಾಯಿತು. ಮೂರು ತಿಂಗಳ ಬಳಿಕ ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಆ ಪಕ್ಷದ ನಾಯಕ ಲೆ ಪೆನ್ ಪಡೆದ ಮತ 2002ರ ಶೇ 16.86ರಿಂದ ಶೇ 10.44ಕ್ಕೆ ಇಳಿಯಿತು. ಅವರ ಮತದಾರರಲ್ಲಿ ಬಹಳ ಮಂದಿ ಸರ್ಕೋಜಿಯತ್ತ ವಾಲಿದ್ದರು. ಈ ಕುಸಿತದ ಶ್ರೇಯಸ್ಸನ್ನು ಹಂದಿಗಳಿಗೆ ಕೊಡಲು ಯಾರೂ ಮುಂದೆ ಬರಲಾರರು.

ಒಂದೇ ಲೋಕ, ಒಂದೇ ವರ್ಷ, ಹೆಚ್ಚು ಕಡಿಮೆ ಒಂದೇ ವಿಧಾನ. ಒಂದು ಕಡೆ ಕೆಲಸವಾಯಿತು, ಇನ್ನೊಂದು ಕಡೆ ಗದ್ದಲವಾಯಿತು. ಆದ್ದರಿಂದ ವರ್ಚುವಲ್ ಲೋಕದ ಪ್ರತಿಭಟನೆಯನ್ನಾಗಲಿ, ಬ್ಲಾಗಿನ ಚಳವಳಿಯನ್ನಾಗಲಿ ಇಡಿಯಾಗಿ ಹೊಗಳುವವರೂ ಇಡಿಯಾಗಿ ಜರೆಯುವವರೂ ಅರ್ಧ ಲೆಕ್ಕವನ್ನಷ್ಟೇ ಮಾಡುತ್ತಿದ್ದಾರೆ. ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ.

ಮೊದಲು ಪರವಾದ ಮಾತು. ಬೀದಿಗಿಳಿಯುವ ಸ್ವಾತಂತ್ರ್ಯ ಎಲ್ಲರಿಗೂ ಎಲ್ಲ ಕಾಲಕ್ಕೂ ಇರುವುದಿಲ್ಲ. 2020ರ ವಸಂತದಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೋವಿಡ್ ನಿಮಿತ್ತ ನಾಲ್ಕಕ್ಕಿಂತ ಹೆಚ್ಚು ಮಂದಿ ಸೇರುವಂತಿರಲಿಲ್ಲ. ಹಿಂದಿನ ವರ್ಷವೆಲ್ಲ ಲಕ್ಷಗಟ್ಟಲೆ ಜನರನ್ನು ಕಂಡಿದ್ದ ರಸ್ತೆಗಳು ಖಾಲಿಯಾದವು. ಆಗ ಅಲ್ಲಿನ ಯುವಕರು ನಿಂಟೆಂಡೊದ ಅನಿಮಲ್ ಕ್ರಾಸಿಂಗ್ ಆಟದ ದ್ವೀಪಗಳಲ್ಲಿ ಘೋಷಣೆಯ ಬ್ಯಾನರ್ ಕಟ್ಟಿದರು. ಹೂಗಿಡ ನೆಟ್ಟು ಮೀನು ಹಿಡಿಯುವ ಮುದ್ದು ಆಟ ಅದು. ಹೋರಾಟಗಾರ ಜೋಶುವಾ ವಾಂಗ್ ತಮ್ಮ ದ್ವೀಪದ ಚಿತ್ರವನ್ನು ಟ್ವಿಟರಿನಲ್ಲಿ ಹಾಕಿದ ಕೆಲವೇ ದಿನಗಳಲ್ಲಿ ಚೀನಾದ ಆನ್‌ಲೈನ್ ಅಂಗಡಿಗಳಿಂದ ಆ ಆಟ ಮಾಯವಾಯಿತು. ಹಾಗೆ ತೆಗೆದುಹಾಕಿದ್ದೇ ಬ್ಯಾನರಿಗಿಂತ ಹೆಚ್ಚು ಜನರಿಗೆ ಸುದ್ದಿ ಮುಟ್ಟಿಸಿತು.

ಅಮೆರಿಕದ ಚಿಂತಕ ಈಥನ್ ಜುಕರ್‌ಮನ್ 2008ರಲ್ಲಿ ಮಂಡಿಸಿದ ‘ಮುದ್ದು ಬೆಕ್ಕಿನ ಸಿದ್ಧಾಂತ’ ಇದನ್ನೇ ಹೇಳುತ್ತದೆ. ಹೋರಾಟಗಾರರಿಗಷ್ಟೇ ಮೀಸಲಾದ ತಾಣವನ್ನು ಸರ್ಕಾರ ಸದ್ದಿಲ್ಲದೆ ಮುಚ್ಚಬಹುದು. ಜನ ಬೆಕ್ಕಿನ ಚಿತ್ರ ಹಂಚಿಕೊಳ್ಳುವ ತಾಣವನ್ನೇ ಮುಚ್ಚಿದರೆ ರಾಜಕೀಯದ ಗೊಡವೆಯೇ ಬೇಡವೆಂದಿದ್ದವರಿಗೂ ಸೆನ್ಸಾರ್ ಎಂದರೇನು ಎಂಬುದು ಅರಿವಾಗುತ್ತದೆ. ಮಾಧ್ಯಮ ಸ್ವಾತಂತ್ರ್ಯಕ್ಕಾಗಿ ದುಡಿಯುವ ‘ಗಡಿಗಳಿಲ್ಲದ ವರದಿಗಾರರು’ ಸಂಸ್ಥೆ 2020ರ ಮಾರ್ಚ್ 12ರಂದು ಮೈನ್‌ಕ್ರಾಫ್ಟ್ ಆಟದೊಳಗೆ ಒಂದು ಬೃಹತ್ ಗ್ರಂಥಾಲಯವನ್ನು ತೆರೆದದ್ದೂ ಇದೇ ಲೆಕ್ಕಾಚಾರದ ಮೇಲೆ. ರಷ್ಯಾ, ಈಜಿಪ್ಟ್, ವಿಯೆಟ್ನಾಂ, ಸೌದಿ ಅರೇಬಿಯಾ, ಮೆಕ್ಸಿಕೊಗಳಲ್ಲಿ ಅದುಮಿಟ್ಟ ಬರಹಗಳು ಅಲ್ಲಿ ಪುಸ್ತಕಗಳ ರೂಪದಲ್ಲಿ ಸಿಗುತ್ತವೆ. ಇಸ್ತಾಂಬುಲಿನ ಸೌದಿ ಕಾನ್ಸುಲೇಟ್‌ನಲ್ಲಿ ಕೊಲೆಯಾದ ಪತ್ರಕರ್ತ ಜಮಾಲ್ ಖಶೋಗಿ ಅವರ ಲೇಖನಗಳೂ ಅವುಗಳಲ್ಲಿವೆ.

ಎರಡನೆಯ ಬಲ, ಎದುರಾಳಿಯ ಅಂಗಳಕ್ಕೇ ಕಾಲಿಡುವ ಅವಕಾಶ. ಅಮೆರಿಕದ ಸೇನೆ ಯುವಕರನ್ನು ಸೆಳೆಯಲು ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು 2002ರಿಂದ ಉಚಿತವಾಗಿ ಹಂಚುತ್ತಿತ್ತು. ನೆವಾಡಾದ ಕಲಾವಿದ, ಪ್ರಾಧ್ಯಾಪಕ ಜೋಸೆಫ್ ಡಿಲ್ಯಾಪ್ 2006ರಲ್ಲಿ ಆ ಆಟದೊಳಗೆ ಹೋಗಿ, ಬಂದೂಕು ಕೆಳಗಿಟ್ಟು, ಇರಾಕಿನಲ್ಲಿ ಸತ್ತ ಅಮೆರಿಕನ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಟೈಪ್ ಮಾಡತೊಡಗಿದರು. ಉಳಿದ ಆಟಗಾರರು ಬೈದರು, ಗುಂಡಿಟ್ಟರು, ಹೊರದಬ್ಬಿದರು. ಅವರು ಮತ್ತೆ ಬಂದು ಮುಂದಿನ ಹೆಸರು ಬರೆದರು. 2011ರ ತನಕ ನಡೆದ ಈ ಕೆಲಸದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರುಗಳು ದಾಖಲಾದವು. ಸೈನ್ಯಕ್ಕೆ ಸೇರುವ ಆಸೆ ಹುಟ್ಟಿಸುವ ಜಾಗದಲ್ಲೇ ಸಾವಿನ ಲೆಕ್ಕ ಒಪ್ಪಿಸಲು ಯಾವ ಬೀದಿಯ ಮೆರವಣಿಗೆಗೂ ಸಾಧ್ಯವಿರಲಿಲ್ಲ.

ಮೂರನೆಯದು ದಾಖಲೆಯ ಬಲ, ಇದು ಬ್ಲಾಗುಗಳದ್ದು. 2006ರ ಕೊನೆಯಲ್ಲಿ ಈಜಿಪ್ಟಿನ ವಾಯೆಲ್ ಅಬ್ಬಾಸ್ ಮತ್ತಿತರ ಬ್ಲಾಗಿಗರು ಪೊಲೀಸ್ ಠಾಣೆಯಲ್ಲಿ ಮಿನಿಬಸ್ ಚಾಲಕನೊಬ್ಬನಿಗೆ ಕೊಟ್ಟ ಚಿತ್ರಹಿಂಸೆಯ ವಿಡಿಯೊ ಹೊರಹಾಕಿದರು. ಅಲ್ಲಿಯವರೆಗೆ ಎಲ್ಲರೂ ಪಿಸುಗುಡುತ್ತಿದ್ದ ವಿಷಯ ಕಣ್ಣೆದುರಿಗೆ ಬಂತು. 2007ರ ನವೆಂಬರಿನಲ್ಲಿ ಇಬ್ಬರು ಪೊಲೀಸರಿಗೆ ಮೂರು ವರ್ಷ ಸೆರೆಯಾಯಿತು. ಮುಬಾರಕ್ ಆಡಳಿತದಲ್ಲಿ ಇಂಥ ತೀರ್ಪು ಅಪರೂಪ.

ಈಗ ವಿರೋಧದ ಮಾತು, ಅದೂ ಹಗುರವಾದದ್ದಲ್ಲ. ಮಾಲ್ಕಂ ಗ್ಲ್ಯಾಡ್‌ವೆಲ್ 2010ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬರೆದ ಲೇಖನದ ವಾದ ಇದು: 1960ರಲ್ಲಿ ಗ್ರೀನ್ಸ್‌ಬರೊದ ಬಿಳಿಯರ ಊಟದ ಕೌಂಟರಿನಲ್ಲಿ ಕೂತ ನಾಲ್ವರು ಕಪ್ಪು ವಿದ್ಯಾರ್ಥಿಗಳಿಗೆ ಧೈರ್ಯ ಕೊಟ್ಟದ್ದು ಪರಸ್ಪರರ ಗಾಢ ಸ್ನೇಹ. ಜಾಲದ ನಂಟು ಸಡಿಲವಾದದ್ದು. ಅದು ಸಹಿ ಹಾಕಿಸುತ್ತದೆ, ಏಟು ತಿನ್ನುವಾಗ ಪಕ್ಕದಲ್ಲಿ ನಿಲ್ಲುವುದಿಲ್ಲ. ಈ ಮಾತಿಗೆ ಒಳ್ಳೆಯ ಪರೀಕ್ಷೆ ಅದೇ ಡಿಲ್ಯಾಪ್ 2008ರಲ್ಲಿ ಮಾಡಿದ ಇನ್ನೊಂದು ಕೆಲಸ. ದಂಡಿಯಾತ್ರೆ ನಡೆದ ಮಾರ್ಚ್ 12ರಿಂದ ಏಪ್ರಿಲ್ 6ರ ದಿನಗಳಲ್ಲೇ ಅವರು ನ್ಯೂಯಾರ್ಕಿನ ಐಬೀಮ್ ಎಂಬ ಕಲಾಕೇಂದ್ರದಲ್ಲಿ ಟ್ರೆಡ್‌ಮಿಲ್ ಮೇಲೆ 240 ಮೈಲಿ ನಡೆದರು. ಅವರು ಹೆಜ್ಜೆ ಹಾಕಿದಂತೆ ಸೆಕೆಂಡ್ ಲೈಫ್‌ನಲ್ಲಿ ಗಾಂಧಿಯ ಅವತಾರ ನಡೆಯಿತು. ಕಲೆಯಾಗಿ ಇದು ಸೊಗಸು. ಬೆರಳ ತುದಿಯಲ್ಲಿ ಮುಗಿಯುವ ಕೆಲಸಕ್ಕೆ ದೇಹದ ದಣಿವನ್ನು ಮರಳಿ ತಂದಿತು. ಆದರೆ 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದ ಜನರೆದುರು ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಆ ಹುಮ್ಮಸ್ಸಿನಲ್ಲೇ ಮುಂದೆ ಕರನಿರಾಕರಣೆಗಿಳಿದ ಅಂಕೋಲೆ, ಸಿದ್ದಾಪುರದ ರೈತರು ಜಮೀನನ್ನೇ ಕಳೆದುಕೊಂಡರು. ಆ ನಷ್ಟವೇ ಸರ್ಕಾರದ ನೈತಿಕ ಬಲವನ್ನು ಕುಗ್ಗಿಸಿದ್ದು. ಟ್ರೆಡ್‌ಮಿಲ್ಲಿನ ದಣಿವಿನಿಂದ ಯಾವ ಸರ್ಕಾರಕ್ಕೂ ಪೇಚಾಟವಾಗುವುದಿಲ್ಲ.

ಎರಡನೆಯ ಆಕ್ಷೇಪ ನೆಲದ್ದು. ಊರ ಚೌಕ ಸಾರ್ವಜನಿಕರದ್ದು. ವರ್ಚುವಲ್ ಲೋಕ ಒಂದು ಕಂಪನಿಯದ್ದು. 2005ರ ಜನವರಿಯಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಗಾರರು ತಮ್ಮ ಯೋಧ ಪಾತ್ರಗಳನ್ನು ದುರ್ಬಲಗೊಳಿಸಲಾಗಿದೆ ಎಂದು ಆಟದೊಳಗಿನ ಐರನ್‌ಫೋರ್ಜ್ ನಗರದಲ್ಲಿ ಗುಂಪುಗೂಡಿದರು. ಜನಸಂದಣಿಗೆ ಸರ್ವರ್ ಕುಸಿಯಿತು, ಕಂಪನಿ ಹಲವರ ಖಾತೆಗಳನ್ನು ಅಮಾನತು ಮಾಡಿತು. ಅಲ್ಲಿ ಶಾಸಕ, ಪೊಲೀಸ್, ನ್ಯಾಯಾಧೀಶ ಎಲ್ಲ ಒಬ್ಬರೇ; ಮೇಲ್ಮನವಿಗೆ ದಾರಿಯಿಲ್ಲ. ಬ್ಲಾಗಿಗರಿಗೂ ಇದೇ ಪಾಡು. ಈಜಿಪ್ಟಿನ ಪೊಲೀಸರಿಗೆ ಶಿಕ್ಷೆಯಾದ ಅದೇ ನವೆಂಬರಿನಲ್ಲಿ, ಹಿಂಸೆಯ ದೃಶ್ಯಗಳಿವೆ ಎಂಬ ಕಾರಣಕ್ಕೆ ಯೂಟ್ಯೂಬ್ ವಾಯೆಲ್ ಅಬ್ಬಾಸ್ ಅವರ ಖಾತೆಯನ್ನೇ ಮುಚ್ಚಿತ್ತು. ಜಗತ್ತಿನಾದ್ಯಂತ ಕೂಗೆದ್ದ ಮೇಲೆ ಅದನ್ನು ಮರಳಿಸಲಾಯಿತು.

ಮೂರನೆಯ ಆಕ್ಷೇಪ ಹೆಚ್ಚು ಕಠೋರವಾದದ್ದು. ಬೀದಿಯ ಗುಂಪಿನಲ್ಲಿ ಮುಖ ಮರೆಸಬಹುದು, ಜಾಲದಲ್ಲಿ ಬರೆದದ್ದು ಹೆಜ್ಜೆಗುರುತು ಬಿಡುತ್ತದೆ. ಎವ್ಗೆನಿ ಮೊರೊಜೊವ್ 2011ರ ತಮ್ಮ ‘ದ ನೆಟ್ ಡೆಲ್ಯೂಷನ್’ ಪುಸ್ತಕದಲ್ಲಿ ಎಚ್ಚರಿಸಿದ್ದು ಇದನ್ನೇ: ಬಿಡುಗಡೆಯ ಸಾಧನವೆಂದು ನಾವು ಕೊಂಡಾಡುವುದು ಸರ್ವಾಧಿಕಾರಿಗೆ ಪತ್ತೇದಾರಿಯ ಸಾಧನವೂ ಹೌದು. 2007ರ ಫೆಬ್ರುವರಿಯಲ್ಲಿ ಅಲೆಕ್ಸಾಂಡ್ರಿಯಾದ ನ್ಯಾಯಾಲಯ ಕರೀಂ ಅಮೆರ್ ಎಂಬ ಹೆಸರಲ್ಲಿ ಬರೆಯುತ್ತಿದ್ದ ಯುವ ಬ್ಲಾಗಿಗನಿಗೆ ಇಸ್ಲಾಂ ಮತ್ತು ಅಧ್ಯಕ್ಷರನ್ನು ಅವಮಾನಿಸಿದ್ದಕ್ಕೆ ನಾಲ್ಕು ವರ್ಷ ಜೈಲು ವಿಧಿಸಿತು. ಬಾಂಗ್ಲಾದೇಶದಲ್ಲಿ 2013ರ ಫೆಬ್ರುವರಿ 5ರಂದು ಬ್ಲಾಗಿಗರ ಕರೆಗೆ ಢಾಕಾದ ಶಾಹಬಾಗ್ ಚೌಕ ತುಂಬಿತು. ಹತ್ತೇ ದಿನಗಳಲ್ಲಿ ಅವರಲ್ಲೊಬ್ಬರಾದ ಅಹ್ಮದ್ ರಾಜೀಬ್ ಹೈದರ್ ಅವರನ್ನು ಕೊಚ್ಚಿ ಕೊಲ್ಲಲಾಯಿತು.

ಗಮನಿಸಿ, ಮೊದಲ ಮತ್ತು ಮೂರನೆಯ ಆಕ್ಷೇಪಗಳು ಒಂದನ್ನೊಂದು ಕಡಿಯುತ್ತವೆ. ಜಾಲದ ಪ್ರತಿಭಟನೆ ತೀರ ಅಗ್ಗ ಎನ್ನುವುದು ಒಂದು, ಅದಕ್ಕೆ ಜೀವದ ಬೆಲೆ ತೆರಬೇಕು ಎನ್ನುವುದು ಇನ್ನೊಂದು. ಎರಡೂ ಸತ್ಯ, ಏಕೆಂದರೆ ಒಂದೇ ಕೆಲಸಕ್ಕೆ ಒಬ್ಬೊಬ್ಬರು ಒಂದೊಂದು ಬೆಲೆ ಕೊಡುತ್ತಾರೆ. ಪ್ಯಾರಿಸಿನಲ್ಲಿ ಕೂತು ಹಂದಿ ಸಿಡಿಸಿದವನಿಗೆ ಒಂದು ಸಂಜೆ ಖರ್ಚಾಗಬಹುದು. ಕೈರೊದಲ್ಲೋ ಢಾಕಾದಲ್ಲೋ ನಾಲ್ಕು ಸಾಲು ಬರೆದವನಿಗೆ ಬದುಕೇ ಖರ್ಚಾಗಬಹುದು. ಹಾಗಾಗಿ ತ್ಯಾಗವನ್ನೊಂದೇ ತಕ್ಕಡಿಯಲ್ಲಿಟ್ಟು ಜಾಲದ ಹೋರಾಟವನ್ನು ತೂಗಲಾಗದು.

ನಮ್ಮಲ್ಲೇ ನಡೆದ ಒಂದು ಪ್ರಸಂಗ ಬೇರೆ ಅಳತೆಗೋಲನ್ನು ಸೂಚಿಸುತ್ತದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ಗುಂಪೊಂದು ನುಗ್ಗಿ ಯುವತಿಯರನ್ನು ಅಟ್ಟಾಡಿಸಿ ಹೊಡೆಯಿತು. ಶ್ರೀರಾಮ ಸೇನೆಯ ಹೆಸರು ಕೇಳಿಬಂತು. ಅದರ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಪ್ರೇಮಿಗಳ ದಿನಾಚರಣೆಯನ್ನೂ ತಡೆಯುವುದಾಗಿ ಹೇಳಿದರು. ಇದಕ್ಕೆ ಉತ್ತರವಾಗಿ ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್ ಗುಂಪು, ಬ್ಲಾಗುಗಳ ಮೂಲಕ ‘ಪಿಂಕ್ ಚಡ್ಡಿ’ ಅಭಿಯಾನ ಆರಂಭಿಸಿದರು: ಗುಲಾಬಿ ಬಣ್ಣದ ಚಡ್ಡಿಗಳನ್ನು ಹುಬ್ಬಳ್ಳಿಯ ಸೇನೆಯ ಕಚೇರಿಗೆ ಅಂಚೆಯಲ್ಲಿ ಕಳಿಸಿ. ಸಾವಿರಾರು ಜನ ಸೇರಿಕೊಂಡರು. ಬೆದರಿಸುವವರನ್ನು ನಗೆಪಾಟಲು ಮಾಡುವ ಉಪಾಯ ಫಲಿಸಿತು, ಸುದ್ದಿ ದೇಶ ದಾಟಿತು. ಪ್ರೇಮಿಗಳ ದಿನದ ಹೊತ್ತಿಗೆ ಮುತಾಲಿಕ್ ಅವರನ್ನು ಮುನ್ನೆಚ್ಚರಿಕೆಯ ಕ್ರಮವಾಗಿ ವಶಕ್ಕೆ ಪಡೆಯಲಾಯಿತು. ಇದು ಗಂಭೀರ ವಿಷಯದ ಅಗ್ಗದ ತಮಾಷೆ, ಪೇಟೆಯ ಇಂಗ್ಲಿಷ್ ಬಲ್ಲ ಹೆಣ್ಣುಮಕ್ಕಳ ಆಟ ಎಂಬ ಟೀಕೆಯೂ ಬಂತು. ಕಿಡಿಗೇಡಿಗಳು ಆ ಫೇಸ್‌ಬುಕ್ ಗುಂಪಿಗೆ ಕನ್ನ ಹಾಕಿ ಹಾಳುಗೆಡವಿದರು.

ಇಷ್ಟಾಗಿಯೂ 2018ರ ಮಾರ್ಚಿನಲ್ಲಿ ಮಂಗಳೂರಿನ ನ್ಯಾಯಾಲಯ ಸಾಕ್ಷ್ಯದ ಕೊರತೆಯಿಂದ ಆ ದಾಳಿ ಪ್ರಕರಣದ ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿತು. ಈ ತೀರ್ಪಿನಿಂದ ಬ್ಲಾಗಿನ ಅಭಿಯಾನ ವ್ಯರ್ಥವೆಂದು ಸಾಬೀತಾಗುವುದಿಲ್ಲ. ಸಾಕ್ಷಿ ಹುಡುಕುವುದು, ಸಾಕ್ಷಿಗಳಿಗೆ ರಕ್ಷಣೆ ಕೊಡುವುದು ಪೊಲೀಸರ, ಅಭಿಯೋಜಕರ ಕೆಲಸ. ಆದರೆ ಒಂಬತ್ತು ವರ್ಷ ಒಂದು ಮೊಕದ್ದಮೆಯ ಬೆನ್ನು ಬೀಳಲು, ಪ್ರತಿ ವಾಯಿದೆಗೂ ಕೋರ್ಟಿನ ಬಾಗಿಲಲ್ಲಿ ನಿಲ್ಲಲು ಬೇಕಾದದ್ದು ಸಂಘಟನೆ. ವಾರದೊಳಗೆ ಸಾವಿರಾರು ಜನರನ್ನು ಕೂಡಿಸುವ ಶಕ್ತಿಗೆ ಅವರನ್ನು ವರ್ಷಗಟ್ಟಲೆ ಹಿಡಿದಿಡುವ ಶಕ್ತಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಟರ್ಕಿ ಮೂಲದ ಸಮಾಜಶಾಸ್ತ್ರಜ್ಞೆ ಝೈನೆಪ್ ತುಫೆಕ್ಚಿ 2017ರಲ್ಲಿ ಇದನ್ನೇ ವಿವರವಾಗಿ ಬರೆದರು: ಹಿಂದೆ ದೊಡ್ಡ ಮೆರವಣಿಗೆ ಎಂದರೆ ತಿಂಗಳುಗಟ್ಟಲೆ ಕಟ್ಟಿದ ಸಂಘಟನೆಯ ಫಲ, ಹಾಗಾಗಿ ಅಧಿಕಾರಸ್ಥರು ಹೆದರುತ್ತಿದ್ದರು, ಈಗ ಅಷ್ಟೇ ದೊಡ್ಡ ಗುಂಪು ಆ ತಯಾರಿಯಿಲ್ಲದೆ ಸೇರುತ್ತದೆ, ಅದು ಅವರಿಗೂ ಗೊತ್ತು.

ಈ ಬೆಳಕಿನಲ್ಲಿ ಇಟಲಿಯ ಪ್ರಕರಣವನ್ನು ಬಿಡಿಸಿದರೆ ಅದು ಗೆದ್ದದ್ದೇಕೆ ಎಂದು ಊಹಿಸಬಹುದು. ಐಬಿಎಂ ಆಗ ವರ್ಚುವಲ್ ಲೋಕವೇ ಮುಂದಿನ ಮಾರುಕಟ್ಟೆ ಎಂದು ಜಗತ್ತಿಗೆ ಸಾರುತ್ತಿತ್ತು. 2006ರಲ್ಲಿ ಕಂಪನಿಯ ಮುಖ್ಯಸ್ಥರೇ ಅವತಾರ ತೊಟ್ಟು ಅಲ್ಲಿ ಕಾಣಿಸಿಕೊಂಡಿದ್ದರು. ಕಂಪನಿ ತನ್ನ ಮರ್ಯಾದೆಯನ್ನು ಪಣಕ್ಕಿಟ್ಟ ಜಾಗದಲ್ಲೇ ನೌಕರರು ಪೆಟ್ಟು ಕೊಟ್ಟರು. ಜೊತೆಗೆ ಅವರ ಹಿಂದೆ ನಿಜವಾದ ಕಾರ್ಮಿಕ ಸಂಘವಿತ್ತು, ಯೂನಿ ಎಂಬ ಜಾಗತಿಕ ಒಕ್ಕೂಟವಿತ್ತು, ಸಂಧಾನದ ಮೇಜಿತ್ತು. ಪರದೆಯ ಮೇಲಿನ ಗದ್ದಲವನ್ನು ಒಪ್ಪಂದದ ಕಾಗದಕ್ಕೆ ಇಳಿಸುವ ಕೈಗಳಿದ್ದವು. ಮುಖ್ಯಸ್ಥರ ನಿರ್ಗಮನಕ್ಕೆ ಅವತಾರಗಳೇ ಕಾರಣ ಎಂದು ಹೇಳಲು ಆಧಾರ ಸಾಲದು. ಲೆ ಪೆನ್ ಪಕ್ಷದ ವಿಷಯದಲ್ಲಿ ಇವೆರಡೂ ಇರಲಿಲ್ಲ: ಸೆಕೆಂಡ್ ಲೈಫ್‌ನಲ್ಲಿ ಅದು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ, ಮುತ್ತಿಗೆ ಹಾಕಿದವರಿಗೆ ಮರುದಿನದ ಯೋಜನೆಯೂ ಇದ್ದಂತಿಲ್ಲ.

ಆದ್ದರಿಂದ ಜಾಲದಲ್ಲಿ ಪ್ರತಿಭಟಿಸಲು ಹೊರಟವರು, ಹಾಗೆಯೇ ಅದನ್ನು ಗೇಲಿ ಮಾಡಲು ಹೊರಟವರು, ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಎದುರಾಳಿಗೆ ಆ ಜಾಗದಲ್ಲಿ ಕಳೆದುಕೊಳ್ಳಲು ಏನಾದರೂ ಇದೆಯೇ? ಪರದೆ ಆರಿದ ಮೇಲೆ ಕೆಲಸವನ್ನು ಹೊತ್ತು ನಡೆಸುವವರು ಯಾರು? ಎರಡಕ್ಕೂ ಉತ್ತರವಿದ್ದಲ್ಲಿ ಅವತಾರಗಳ ಧರಣಿಯೂ ಬೋನಸ್ ತಂದೀತು. ಮೊದಲನೆಯದಕ್ಕೆ ಮಾತ್ರ ಉತ್ತರವಿದ್ದರೆ ಎದುರಾಳಿಯ ಮುಖಭಂಗವಾಗುತ್ತದೆ. ಅದೂ ಒಂದು ಫಲವೇ, ಆದರೆ ಬಾಳಿಕೆ ಕಡಿಮೆ. ಎರಡಕ್ಕೂ ಉತ್ತರವಿಲ್ಲದಿದ್ದರೆ ಅದು ಆಟವೇ, ಆಡಿದವರಿಗೆ ಖುಷಿ ಸಿಕ್ಕಿರುತ್ತದೆ ಅಷ್ಟೆ. ಇದೇ ಎರಡು ಪ್ರಶ್ನೆಗಳನ್ನು ಬೀದಿಯ ಮೆರವಣಿಗೆಗೂ ಕೇಳಬಹುದು. ಅಲ್ಲೂ ಎಷ್ಟೋ ಸಲ ಉತ್ತರ ಸಿಗುವುದಿಲ್ಲ.