ಬೆಲೆ ಇಳಿಯುವುದು, ಬೆಲೆ ಇಳಿಸುವುದು

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಗೆ ಹೆಸರುವಾಸಿ. ಎತ್ತು ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಕೆಳದವಡೆಯ ಮುಂಭಾಗದಲ್ಲಿ ಸುಮಾರು ಎರಡು ವರ್ಷಕ್ಕೆ ಎರಡು ಶಾಶ್ವತ ಹಲ್ಲು ಬರುತ್ತವೆ. ನಾಲ್ಕು, ಆರು ಎಂದು ಹೆಚ್ಚಿ, ನಾಲ್ಕೈದು ವರ್ಷಕ್ಕೆ ಎಂಟೂ ಬಂದರೆ ‘ಬಾಯಿಗೂಡಿತು’ ಎನ್ನುತ್ತಾರೆ. ಆಮೇಲೆ ವಯಸ್ಸಾಗಿ ಹಲ್ಲು ಸವೆದಂತೆ ಎತ್ತಿನ ಬೆಲೆಯೂ ಇಳಿಯುತ್ತದೆ.

ಹೀಗೆ ಬೆಲೆ ಇಳಿಯುವುದನ್ನು ಹೇಳುವ ಇಂಗ್ಲಿಷ್ ಕ್ರಿಯಾಪದ ‘ಡಿಪ್ರೀಶಿಯೇಟ್’. ಲ್ಯಾಟಿನ್ನಿನಲ್ಲಿ ‘ಡಿ’ ಎಂದರೆ ಕೆಳಕ್ಕೆ, ‘ಪ್ರೆಟಿಯಮ್’ ಎಂದರೆ ಬೆಲೆ. ‘ಅಪ್ರೀಶಿಯೇಟ್’ ಪದದ ಬೇರೂ ಇದೇ. ಅದಕ್ಕೆ ಬೆಲೆ ಏರು, ಮೆಚ್ಚು ಎಂಬ ಎರಡೂ ಅರ್ಥಗಳಿವೆ.

ಮೊದಲ ಬಳಕೆ ವಸ್ತುಗಳದ್ದು. ಲೆಕ್ಕಪತ್ರದಲ್ಲಿ ಇದನ್ನು ಸವಕಳಿ ಎನ್ನುತ್ತೇವೆ. ಒಂದು ಲಕ್ಷ ರೂಪಾಯಿಯ ಯಂತ್ರದ ಮೌಲ್ಯ ವರ್ಷಕ್ಕೆ ಶೇ 15ರಂತೆ ಸವೆಯುತ್ತದೆ ಎನ್ನಿ. ಮೊದಲ ವರ್ಷದ ಕೊನೆಗೆ ಉಳಿಯುವುದು 85,000. ಎರಡನೇ ವರ್ಷ ಈ ಉಳಿಕೆಯ ಮೇಲೆ ಲೆಕ್ಕ ಹಾಕಿದರೆ 72,250.

ಎರಡನೆಯದು ಹಣದ್ದು. ‘ದಿ ರುಪೀ ಡಿಪ್ರೀಶಿಯೇಟೆಡ್ ಅಗೇನ್ಸ್ಟ್ ದಿ ಡಾಲರ್’ ಎಂದರೆ ಮಾರುಕಟ್ಟೆಯಲ್ಲಿ ರೂಪಾಯಿಯ ಬೆಲೆ ತಾನಾಗಿ ಇಳಿಯಿತು ಎಂದರ್ಥ. ಸರ್ಕಾರವೇ ತೀರ್ಮಾನಿಸಿ ಇಳಿಸಿದರೆ ಅದು ‘ಡೀವ್ಯಾಲ್ಯೂ’. 1966ರ ಜೂನ್ 6ರಂದು ಒಂದು ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿದ್ದು ಹೀಗೆ. 1991ರ ಜುಲೈನಲ್ಲೂ ಹಾಗೆಯೇ ಆಯಿತು.

ಇದರೊಡನೆ ‘ಡೆಪ್ರಿಕೇಟ್’ ಪದವನ್ನು ಬೆರೆಸಬೇಡಿ. ಅದರ ಅರ್ಥ ಒಪ್ಪದಿರು, ಖಂಡಿಸು ಎಂದು.

ಮೂರನೆಯ ಬಳಕೆ ಮನುಷ್ಯರದ್ದು: ಹೀಗಳೆಯುವುದು. ‘ಡೋಂಟ್ ಡಿಪ್ರೀಶಿಯೇಟ್ ಹರ್ ಎಫರ್ಟ್ಸ್’ ಎಂದರೆ ಅವಳ ಪ್ರಯತ್ನವನ್ನು ಹಗುರವಾಗಿ ಕಾಣಬೇಡಿ ಎಂದು. ಇಲ್ಲಿ ವ್ಯಾಕರಣವನ್ನು ಗಮನಿಸಿ. ಎತ್ತು, ರೂಪಾಯಿಗಳ ಬೆಲೆ ತಾನೇ ಇಳಿಯುತ್ತದೆ, ಕ್ರಿಯಾಪದ ಅಕರ್ಮಕ. ಮನುಷ್ಯರ ವಿಷಯದಲ್ಲಿ ಅದು ಸಕರ್ಮಕ. ಬೆಲೆ ಇಳಿಸುವವರು ಒಬ್ಬರು ಇರಲೇಬೇಕು.

ಫಲಿತಾಂಶದ ದಿನ ಮನೆಗೆ ಬಂದ ನೆಂಟರೆದುರು ಅಪ್ಪ, ‘ಇವನ ಕೈಲಿ ಏನಾಯ್ತದೆ ಬುಡಿ’ ಎಂದುಬಿಡುತ್ತಾನೆ. ಬಾಗಿಲ ಮರೆಯಲ್ಲಿ ನಿಂತ ಹುಡುಗನಿಗೆ ಅದು ಕೇಳಿಸುತ್ತದೆ. ಎತ್ತಿನ ವಯಸ್ಸನ್ನು ಹಲ್ಲು ಹೇಳೀತು. ಅಂಕಪಟ್ಟಿ ಹೇಳುವುದು ಒಂದು ಪರೀಕ್ಷೆಯ ಅಂಕಗಳನ್ನು ಮಾತ್ರ. ಆ ಸಂಜೆ ಮಗನಿಗೆ ಎರಡು ಕ್ರಿಯಾಪದಗಳಲ್ಲಿ ಯಾವುದು ಸಿಗಬೇಕೆಂಬುದು ಹೆತ್ತವರ ಕೈಯಲ್ಲೇ ಇದೆ.